ಪಿಕಪ್ ಹತ್ತಿದ ಅಪ್ಪನ ಬೈಕು

ಅಪ್ಪನ ಹಳೇ ಆರ್‌ಎಕ್ಸ್ 100 ಇವತ್ತು ಬದಿಯಡ್ಕದಿಂದ ಮಂಗಳೂರಿಗೆ ಹೊರಟಿತು. ಓಡಿಕೊಂಡು ಅಲ್ಲ, ಪಿಕಪ್ ಹತ್ತಿ. ಎಂಜಿನ್ ಕೆಲಸ ಇದೆ.

ನಾನು ಸೈಡ್ ಸ್ಟ್ಯಾಂಡ್ ಹಾಕಿ, ಸೀಟಿನ ಮೇಲಿಂದ ಹಗ್ಗ ಬಿಗಿಯಲು ಹೊರಟಿದ್ದೆ. ಡ್ರೈವರಣ್ಣ ನಕ್ಕರು. "ಇದೆಂಥ ಮಾರಾಯ್ರೆ, ಬೈಹುಲ್ಲಿನ ಕಟ್ಟವಾ?"

ಸ್ಟ್ಯಾಂಡ್ ಎತ್ತಿ ಬೈಕನ್ನು ನೆಟ್ಟಗೆ ನಿಲ್ಲಿಸಿದರು. ಮುಂದಿನ ಚಕ್ರ ಕ್ಯಾಬಿನ್ ಕಡೆಯ ತಗಡಿಗೆ ತಾಗಿ ನಿಂತಿತು. ಹ್ಯಾಂಡಲ್ ಬುಡದಿಂದ ಎಡಕ್ಕೊಂದು ಬಲಕ್ಕೊಂದು ಬೆಲ್ಟ್, ಮುಂದಕ್ಕೆ ಓರೆಯಾಗಿ. ಟರ್ ಟರ್ ಅಂತ ಬೆಲ್ಟ್ ಬಿಗಿಯುವ ಹಿಡಿ, ರಾಚೆಟ್, ಎಳೆದ ಹಾಗೆ ಮುಂದಿನ ಶಾಕ್ ಅಬ್ಸಾರ್ಬರ್ ಕುಗ್ಗುತ್ತಾ ಬಂತು. ಅರ್ಧಕ್ಕೆ ನಿಲ್ಲಿಸಿದರು. ಪೂರ್ತಿ ಕುಗ್ಗಿಸಿದರೆ ಆಯಿಲ್ ಸೀಲ್ ಹೋಗಬಹುದು. ಸಡಿಲ ಬಿಟ್ಟರೆ ಹೊಂಡಕ್ಕೆ ಬಿದ್ದಾಗ ಬೆಲ್ಟಿನ ಕೊಕ್ಕೆ ಕಳಚಬಹುದು. ಹಿಂದಕ್ಕೆ ಇನ್ನೆರಡು ಬೆಲ್ಟ್. ಪೈಂಟ್ ಉಜ್ಜುವ ಕಡೆ ನನ್ನ ಹಳೇ ಬೈರಾಸು. ಪೆಟ್ರೋಲ್ ನಾಬ್ ಬಂದ್, ಗಾಡಿ ಗೇರ್‌ನಲ್ಲಿ. ಅಷ್ಟೇ.

ಕುಂಬಳೆಯಲ್ಲಿ ಹೈವೇ ಸೇರುವ ಮೊದಲು ಪಿಕಪ್ ನಿಲ್ಲಿಸಿ ನಾಲ್ಕೂ ಬೆಲ್ಟ್ ಮುಟ್ಟಿ ನೋಡಿದರು. ಒಂದು ಸಡಿಲ ಆಗಿತ್ತು!

ಅಪ್ಪನೂ ಹೀಗೇ. ಇದೇ ಬೈಕಿನ ಹಿಂದೆ ಅಡಿಕೆ ಮೂಟೆ ಕಟ್ಟಿ, ನನ್ನನ್ನು ಟ್ಯಾಂಕ್ ಮೇಲೆ ಕೂರಿಸಿ ಹೊರಟರೆ, ದಾರಿಯಲ್ಲಿ ಎರಡು ಸಲ ನಿಲ್ಲಿಸಿ ಹಗ್ಗ ಎಳೆದು ನೋಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಶಾಲೆಗೆ ತಡ ಆಗುತ್ತೆ ಅಲ್ವಾ!

ಇವತ್ತು ತಲಪಾಡಿ ದಾಟುವವರೆಗೆ ಸುಮ್ನೆ ಕೂರಲು ಆಗಲಿಲ್ಲ. ಹಿಂದಿನ ಕಿಟಕಿಯಿಂದ ಇಣುಕಿ ಇಣುಕಿ ಕುತ್ತಿಗೆ ನೋವು.