ಖುಕ್ರಿಗೆ ಬರೆದ ಪತ್ರ

ಹಳೆಯ ಮೇಷ್ಟರುಗಳ ಬಗ್ಗೆ ಬರೆದುಕೊಡಿ ಎಂದು ಶಾಲೆಯ ಸಂಚಿಕೆಯ ಸಂಪಾದಕರು ಕೇಳಿದ್ದರು. ಮೇಷ್ಟರುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯಬೇಕಾದದ್ದು ನನಗಿಂತ ನಾಲ್ಕು ವರ್ಷ ದೊಡ್ಡವನಾದ ಒಬ್ಬ ಹುಡುಗನ ಬಗ್ಗೆ. ಮನೆಯವರು ಊರಿನಲ್ಲೇ ಇರುವುದರಿಂದ ಹೆಸರು ಹಾಕುವುದಿಲ್ಲ. ಶಾಲೆಯಲ್ಲಿ ಎಲ್ಲರೂ ಅವನನ್ನು ತಾಂಡೇಲ ಎಂದು ಕರೆಯುತ್ತಿದ್ದರು. ನಮ್ಮ ಕಡೆ ಮೀನುದೋಣಿಯ ಯಜಮಾನಿಕೆ ಮಾಡುವವನಿಗೆ ಆ ಹೆಸರು.

ಒಂದೇ ವರ್ಷ ನಾವಿಬ್ಬರೂ ಜೊತೆಗೆ ಶಾಲೆಗೆ ಹೋದದ್ದು. ನಾನು ಎಂಟನೆಯ ತರಗತಿ, ಅವನು ಎಸ್‌ಎಸ್‌ಎಲ್‌ಸಿ. ಅಘನಾಶಿನಿಯ ಅಳಿವೆಯ ಈಚೆ ದಡದಲ್ಲಿ ಮನೆ, ಆಚೆ ದಡದಲ್ಲಿ ಶಾಲೆ. ತಾರಿ ದೋಣಿ ತಪ್ಪಿದರೆ ನಾವು ಮನೆಗೆ ವಾಪಸು ಹೋಗುತ್ತಿದ್ದೆವು. ಅವನು ಮಾತ್ರ ಅಂಗಿ ಚಡ್ಡಿ ಪುಸ್ತಕ ಎಲ್ಲವನ್ನೂ ಪಂಚೆಯಲ್ಲಿ ಗಂಟು ಕಟ್ಟಿ, ಒಂದು ಕೈಯಲ್ಲಿ ತಲೆಯ ಮೇಲೆ ಹಿಡಿದು, ಇನ್ನೊಂದು ಕೈಯಲ್ಲಿ ನೀರು ಸೀಳುತ್ತಾ ಹೋಗಿ ದೋಣಿಗಿಂತ ಮೊದಲೇ ದಡ ಹತ್ತುತ್ತಿದ್ದ. ಒದ್ದೆ ತಲೆಯಲ್ಲಿ ಪ್ರಾರ್ಥನೆಗೆ ನಿಂತನೆಂದು ಏಟು ಬಿದ್ದದ್ದೂ ಉಂಟು. ಗಣಿತದಲ್ಲಿ ಬಿದ್ದ ಏಟುಗಳ ಲೆಕ್ಕ ಬೇರೆ. ಇಳಿತದ ಹೊತ್ತಿನಲ್ಲಿ ಬಳಚು ತೆಗೆಯಲು ಮುಳುಗಿದನೆಂದರೆ ದೋಣಿಯಲ್ಲಿದ್ದ ನಮಗೆ ಹೆದರಿಕೆಯಾಗುವಷ್ಟು ಹೊತ್ತು ಮೇಲೆ ಬರುತ್ತಿರಲಿಲ್ಲ.

1968ರಲ್ಲಿ ನೌಕಾಪಡೆಗೆ ಸೇರಿದ. ವಿಶಾಖಪಟ್ಟಣದಲ್ಲಿ ತರಬೇತಿ, ಆಮೇಲೆ ಬೊಂಬಾಯಿ, ಕೊನೆಗೆ ಖುಕ್ರಿ ಎಂಬ ಯುದ್ಧನೌಕೆ. ಕೆಲಸ ಬಾಯ್ಲರ್ ಕೋಣೆಯಲ್ಲಿ. 'ಇಲ್ಲಿ ಕುಳಿತರೆ ಬಿಸಿಲೂ ಕಾಣುವುದಿಲ್ಲ, ಸಮುದ್ರವೂ ಕಾಣುವುದಿಲ್ಲ, ಶೆಖೆ ಒಂದು ಬೇಕಾದಷ್ಟಿದೆ' ಎಂದು ಬರೆದಿದ್ದ.

ಅವನ ಪತ್ರ ಓದುತ್ತಿದ್ದವನು ನಾನು. ಅವನ ತಾಯಿಗೆ ಅಕ್ಷರ ಬರುತ್ತಿರಲಿಲ್ಲ, ತಮ್ಮ ಇನ್ನೂ ಸಣ್ಣವನು. ಉತ್ತರ ಬರೆಯುವವನೂ ನಾನೇ. ಅವನ ಅಮ್ಮ ಜಗಲಿಯ ಮೇಲೆ ಕಾಲು ಚಾಚಿ ಕುಳಿತು ಹೇಳುತ್ತಾ ಹೋಗುತ್ತಿದ್ದರು, ನಾನು ಇನ್‌ಲ್ಯಾಂಡ್ ಪತ್ರದ ಮೂರು ಮಡಿಕೆಯಲ್ಲಿ ಅದನ್ನು ಹಿಡಿಸಬೇಕಿತ್ತು. 'ಐಎನ್‌ಎಸ್ ಖುಕ್ರಿ, ಫ್ಲೀಟ್ ಮೇಲ್ ಆಫೀಸ್, ಬೊಂಬಾಯಿ' ಎಂಬ ವಿಳಾಸವನ್ನು ಮಾತ್ರ ಇಂಗ್ಲಿಷಿನಲ್ಲಿ, ದುಂಡಗೆ, ಬಹಳ ಜಂಬದಿಂದ ಬರೆಯುತ್ತಿದ್ದೆ.

ನಾನು ಬರೆದ ಕೊನೆಯ ಪತ್ರ 1971ರ ನವೆಂಬರ್ ಕೊನೆಯ ವಾರದ್ದು. ಅದು ನೆನಪಿರುವುದು ಒಂದು ಅಂಚೆಚೀಟಿಯಿಂದ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಪರಿಹಾರಕ್ಕೆಂದು ಸರ್ಕಾರ ಆ ತಿಂಗಳ 15ರಿಂದ ಪತ್ರಗಳಿಗೆ ಐದು ಪೈಸೆಯ ಹೆಚ್ಚುವರಿ ಚೀಟಿ ಹಚ್ಚಿಸುತ್ತಿತ್ತು. ಅಮ್ಮ ಸೆರಗಿನ ಗಂಟಿನಿಂದ ಆ ಐದು ಪೈಸೆ ತೆಗೆದುಕೊಡುತ್ತಾ 'ಯಾರಿಗೆ ತಮ್ಮಾ ಇದು?' ಎಂದು ಕೇಳಿದ್ದರು. ಆ ಸಂಜೆ ಬಯಲಿನಲ್ಲಿ ವಾಲಿಬಾಲ್ ಆಟವಿತ್ತು. ಹುಡುಗರು ಬೇಲಿಯಾಚೆಯಿಂದ ಕೂಗುತ್ತಿದ್ದರು. ಅಮ್ಮ ಅರ್ಧ ತಾಸು ಹೇಳಿದ್ದನ್ನು ನಾನು 'ಇಲ್ಲಿ ಎಲ್ಲರೂ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ' ಎಂದು ಎರಡು ಸಾಲಿನಲ್ಲಿ ಮುಗಿಸಿ, ಅಂಟಿಸಿ ಓಡಿದೆ.

ಡಿಸೆಂಬರ್ 3ಕ್ಕೆ ಪಾಕಿಸ್ತಾನದೊಡನೆ ಯುದ್ಧ. 4ರ ರಾತ್ರಿ, ಮತ್ತೆ 8ರ ರಾತ್ರಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿಯನ್ನು ಹೊಡೆದವು. ಆ ಸುದ್ದಿಗೆ ಶಾಲೆಯಲ್ಲಿ ನಾವೆಲ್ಲ ಬೆಂಚು ಬಡಿದು ಕುಣಿದೆವು. ಗುಜರಾತ್ ಕರಾವಳಿಯ ದಿಯು ಹತ್ತಿರ ಸುಳಿಯುತ್ತಿದ್ದ ಪಾಕಿಸ್ತಾನಿ ಜಲಾಂತರ್ಗಾಮಿಯನ್ನು ಹುಡುಕಲು ಖುಕ್ರಿ ಮತ್ತು ಕಿರ್ಪಾಣ್ ಹಡಗುಗಳು ಬೊಂಬಾಯಿ ಬಿಟ್ಟಿದ್ದವು ಎಂಬುದು ಆಗ ನಮಗೆ ಹೇಗೆ ಗೊತ್ತಾಗಬೇಕು? ಖುಕ್ರಿಯಲ್ಲಿ ನೀರಿನಡಿಯ ಸದ್ದು ಹಿಡಿಯುವ ಸೋನಾರ್ ಯಂತ್ರದ ಕಿವಿಯನ್ನು ಚುರುಕುಗೊಳಿಸುವ ಹೊಸ ಪ್ರಯೋಗ ನಡೆದಿತ್ತಂತೆ, ಅದಕ್ಕೆ ಹಡಗು ನಿಧಾನವಾಗಿ ಸಾಗಬೇಕಿತ್ತಂತೆ. ಅತ್ತ ಫ್ರಾನ್ಸಿನಲ್ಲಿ ಕಟ್ಟಿದ ಆ ಹೊಸ ಜಲಾಂತರ್ಗಾಮಿ ಹಂಗೋರ್ ನೀರಿನಡಿ ಇವರ ಸದ್ದನ್ನು ಮೊದಲೇ ಕೇಳಿಸಿಕೊಂಡಿತ್ತು. 9ರ ರಾತ್ರಿ ಒಂಬತ್ತರ ಸುಮಾರಿಗೆ ಟಾರ್ಪೆಡೊ ಬಡಿಯಿತು, ಕೆಲವೇ ನಿಮಿಷಗಳಲ್ಲಿ ಹಡಗು ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಬದುಕಿದವರು 67 ಜನ.

ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರು ತಮ್ಮ ಜೀವರಕ್ಷಕ ಅಂಗಿಯನ್ನು ಬೇರೆಯವರಿಗೆ ಕೊಟ್ಟು ಹಡಗಿನೊಡನೆಯೇ ಮುಳುಗಿದ್ದನ್ನು ಉಳಿದು ಬಂದವರು ಹೇಳಿದ್ದಾರೆ. ಅವರಿಗೆ ಮಹಾವೀರ ಚಕ್ರ ಬಂತು, ಬರಬೇಕಾದದ್ದೇ. ಶಾಲೆಯ ಭಾಷಣಗಳಲ್ಲಿ ಪ್ರತಿ ವರ್ಷ ಆ ಕಥೆ ಬರುತ್ತದೆ. ನನಗೆ ಮಾತ್ರ ಅದನ್ನು ಕೇಳುವಾಗಲೆಲ್ಲ ಡೆಕ್ಕಿನ ಕೆಳಗಿನ ಆ ಶೆಖೆಯ ಕೋಣೆ ಕಣ್ಣ ಮುಂದೆ ಬರುತ್ತದೆ. ನಮ್ಮ ಅಳಿವೆಯನ್ನು ಒಂದು ಕೈಯಲ್ಲಿ ಈಜಿ ದಾಟುತ್ತಿದ್ದವನಿಗೆ ಈಜಲು ನೀರು ಸಿಕ್ಕಿತೋ ಇಲ್ಲವೋ.

ತಂತಿಯಲ್ಲಿ 'ಕಾಣೆಯಾಗಿದ್ದಾನೆ' ಎಂದಿತ್ತು. ಓದಿ ಹೇಳಿದವನೂ ನಾನೇ. ಕಡಲ ದಡದ ಜನಕ್ಕೆ ಕಾಣೆಯಾಗುವುದು ಹೊಸದಲ್ಲ. ಗಾಳಿಗೆ ಸಿಕ್ಕ ದೋಣಿ ನಾಲ್ಕು ದಿನ ಬಿಟ್ಟು ಮಲ್ಪೆಯಲ್ಲೋ ಗೋವೆಯಲ್ಲೋ ದಡ ಸೇರಿದ್ದುಂಟು. ಅಮ್ಮ ಅಳಲಿಲ್ಲ. 'ಅಲ್ಲಿಂದ ಹತ್ತಿರದ ದಡ ಯಾವುದು?' ಎಂದು ಕೇಳಿದರು. ನನ್ನ ಶಾಲೆಯ ಭೂಪಟದಲ್ಲಿ ದಿಯು ಒಂದು ಚುಕ್ಕೆ. ತೋರಿಸಿದೆ. ಆ ಚುಕ್ಕೆಯ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದರು.

ಅದಾಗಿ ಮೂರೋ ನಾಲ್ಕೋ ದಿನಕ್ಕೆ ಪೋಸ್ಟ್‌ಮನ್ ಬಂದು ಅಂಗಳದಲ್ಲೇ ನಿಂತ. ಕೈಯಲ್ಲಿ ಮನಿಯಾರ್ಡರು, ನಲವತ್ತು ರೂಪಾಯಿ. ಬೊಂಬಾಯಿಯ ಮುದ್ರೆ ಡಿಸೆಂಬರ್ 6ರದ್ದು. ಕೊಡಬೇಕೋ ಬೇಡವೋ ಎಂದು ಅವನಿಗೇ ತಿಳಿಯದೆ ನನ್ನ ಮುಖ ನೋಡಿದ. ಅಮ್ಮ ಹೆಬ್ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಒತ್ತಿದರು. ಹಣವನ್ನು ಎಣಿಸಲಿಲ್ಲ. ಕೆಳಗಿನ ಚೀಟಿಯನ್ನು ಹರಿದು ನನಗೆ ಕೊಟ್ಟು ಓದು ಎಂದರು.

ಚೀಟಿಯಲ್ಲಿದ್ದದ್ದು ನನಗೆ ಬರೆದ ಮಾತು. 'ಪತ್ರ ಮುಟ್ಟಿತು. ಎರಡೇ ಸಾಲಾ? ನಮ್ಮ ಅಮ್ಮ ಅಷ್ಟು ಕಡಿಮೆ ಮಾತನಾಡುವವಳಲ್ಲ. ಮುಂದಿನ ಸಲ ಪೂರ್ತಿ ಬರೆ.'

'ಕ್ಷೇಮವಾಗಿದ್ದೇನೆ ಎಂದು ಬರೆದಿದ್ದಾನೆ' ಎಂದೆ.

ಅಮ್ಮ ತೀರಿಕೊಂಡು ಬಹಳ ವರ್ಷಗಳಾದವು. ನಿವೃತ್ತನಾದ ಮೇಲೆ ಒಮ್ಮೆ ದಿಯುಗೆ ಹೋಗಿದ್ದೆ. ಕಡಲಿಗೆ ಮುಖ ಮಾಡಿದ ದಿಬ್ಬದ ಮೇಲೆ, ಗಾಜಿನೊಳಗೆ ಖುಕ್ರಿಯ ಮಾದರಿ ಇಟ್ಟಿದ್ದಾರೆ. ಬಾಯ್ಲರ್ ಕೋಣೆ ಎಲ್ಲಿರಬಹುದೆಂದು ಸುತ್ತಲೂ ನಡೆದು ನೋಡಿದೆ, ಹೊರಗಿನಿಂದ ಕಾಣುವುದಿಲ್ಲ.

ಆ ಸಂಜೆ ಅಮ್ಮ ಹೇಳಿದ್ದು, ನಾನು ಬರೆಯದೆ ಬಿಟ್ಟದ್ದು ಇಷ್ಟು: ಕಪ್ಪು ಹಸು ಈದಿದೆ, ಹೆಣ್ಣು ಕರು, ಹಣೆಯ ಮೇಲೆ ಬಿಳಿ ಬೊಟ್ಟು. ಹಿತ್ತಿಲ ನುಗ್ಗೆಮರ ಗಾಳಿಗೆ ಬಿತ್ತು. ಕಗ್ಗದ ಭತ್ತ ಈ ಸಲ ಚೆನ್ನಾಗಿ ಬಂದಿದೆ, ನೀನು ಬಂದಾಗ ಗಂಜಿಗೆಂದು ಹೊಸ ಅಕ್ಕಿ ಬೇರೆ ಮಡಕೆಯಲ್ಲಿಟ್ಟಿದ್ದೇನೆ. ತಮ್ಮನಿಗೆ ಈಜು ಕಲಿಸುವವರಿಲ್ಲ, ರಜೆ ಸಿಕ್ಕರೆ ನೀನೇ ಬಂದು ಕಲಿಸು.