ನೀಲಿಯ ಮೂರು, ಹಳದಿಯ ತ್ರಿಕೋನ

ಮಳೆಗಾಲಕ್ಕೆ ಮೊದಲು ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪ ನೆರೆಮನೆಯವರು ರಬ್ಬರ್ ಶೀಟಿನ ಕೊಟ್ಟಿಗೆಯನ್ನು ಖಾಲಿ ಮಾಡಿಸಿದಾಗ, ರಸಾಯನಶಾಸ್ತ್ರ ಕಲಿಸುವವನೆಂಬ ಕಾರಣಕ್ಕೆ ಡಬ್ಬಿ, ಬಾಟಲಿಗಳನ್ನು ವಿಂಗಡಿಸುವ ಕೆಲಸ ನನ್ನ ಪಾಲಿಗೆ ಬಂತು. ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್‌ನ ಕ್ಯಾನಿನ ಮೇಲೆ ನಾಲ್ಕು ಬಣ್ಣಗಳ ವಜ್ರಾಕೃತಿಯಿತ್ತು: ನೀಲಿಯಲ್ಲಿ 3, ಕೆಂಪಿನಲ್ಲಿ 2, ಹಳದಿಯಲ್ಲಿ 0. ಕೆಂಪೆಂದರೆ ಅಪಾಯ, ಅಲ್ಲಿ ಎರಡೇ ಇರುವುದರಿಂದ ಹೆದರಬೇಕಾಗಿಲ್ಲ ಎಂದು ನೆರೆಯವರು ಲೆಕ್ಕ ಹಾಕಿದ್ದರು.

ಅಮೆರಿಕದ ಅಗ್ನಿಶಾಮಕರ ಅನುಕೂಲಕ್ಕಾಗಿ ರೂಪುಗೊಂಡ ಈ ಚಿಹ್ನೆಯಲ್ಲಿ ಬಣ್ಣವು ಅಪಾಯದ ಬಗೆಯನ್ನು ಹೇಳುತ್ತದೆಯೇ ಹೊರತು ತೀವ್ರತೆಯನ್ನಲ್ಲ. ನೀಲಿ ಆರೋಗ್ಯಕ್ಕೆ, ಕೆಂಪು ಬೆಂಕಿಗೆ, ಹಳದಿ ಅಸ್ಥಿರತೆಗೆ, ಬಿಳಿ ನೀರಿನೊಡನೆ ವರ್ತಿಸುವಂಥ ವಿಶೇಷ ಗುಣಗಳಿಗೆ ಮೀಸಲು; ತೀವ್ರತೆ 0ಯಿಂದ 4ರವರೆಗೆ ಏರುತ್ತದೆ. ಆದ್ದರಿಂದ ಅವರು ಭಯಪಡಬೇಕಾದದ್ದು ನೀಲಿಯ ಮೂರಕ್ಕೆ. ರಾಸಾಯನಿಕಗಳ ಅಪಾಯವನ್ನು ವರ್ಗೀಕರಿಸಲು ವಿಶ್ವಸಂಸ್ಥೆ 2003ರಲ್ಲಿ ಪ್ರಕಟಿಸಿದ ಜಿಎಚ್‌ಎಸ್ ಪದ್ಧತಿಯ ಸುರಕ್ಷತಾ ಮಾಹಿತಿ ಹಾಳೆಗಳಲ್ಲಿ ಲೆಕ್ಕ ತಿರುಗುಮುರುಗು, ವರ್ಗ 1 ಅತ್ಯಂತ ಅಪಾಯಕಾರಿಯೆಂದಾಗ ಅವರಿಗೆ ರೇಗಿಹೋಯಿತು. ನನಗೂ ಇದು ಒಪ್ಪತಕ್ಕ ವ್ಯವಸ್ಥೆಯೆಂದು ಅನ್ನಿಸಿಲ್ಲ.

ಮೂಲೆಯ ಕೀಟನಾಶಕದ ಬಾಟಲಿಯಲ್ಲಿ ಲೆಕ್ಕ ಮತ್ತೆ ಬೇರೆ. ನಮ್ಮ ದೇಶದ 1971ರ ಕೀಟನಾಶಕ ನಿಯಮಗಳ ಪ್ರಕಾರ ಲೇಬಲ್ಲಿನ ಚೌಕದ ಕೆಳತ್ರಿಕೋನದ ಬಣ್ಣವೇ ತೀವ್ರತೆ: ಕೆಂಪು, ಹಳದಿ, ನೀಲಿ, ಹಸಿರು ಎಂದು ವಿಷ ಇಳಿಯುತ್ತದೆ. ಹಳದಿಯೆಂದರೆ, ಬಾಯಿಯ ಮೂಲಕ ಕೊಟ್ಟಾಗ ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣವು ದೇಹತೂಕದ ಕಿಲೋಗೆ 51ರಿಂದ 500 ಮಿಲಿಗ್ರಾಂ. ಇದು ಒಂದೇ ಸಲ ಒಳಹೊಕ್ಕ ವಿಷದ ಅಳತೆ ಎಂಬುದನ್ನು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲವೇನೋ. ಎಣ್ಮಕಜೆ, ಪಡ್ರೆಯ ಸುತ್ತಲಿನ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ, 2011ರಲ್ಲಿ ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆದ ಎಂಡೋಸಲ್ಫಾನ್ ಎಂಬ ಕೀಟನಾಶಕ ಕೂಡ ಆ ಅಳತೆಯಲ್ಲಿ ಹಳದಿಯ ಸಾಲಿನದೇ. ವರ್ಷಗಟ್ಟಲೆ ತೋಡು, ಬಾವಿ, ಗಾಳಿಗಳ ಮೂಲಕ ಒಳಸೇರಿದ್ದನ್ನು ತೋರಿಸಲು ಆ ತ್ರಿಕೋನದಲ್ಲಿ ಬಣ್ಣವೇ ಇಲ್ಲ. ಜಿಎಚ್‌ಎಸ್‌ನಲ್ಲಾದರೂ ಎದೆಯೊಳಗೆ ನಕ್ಷತ್ರ ಸಿಡಿದಂತಿರುವ ಮನುಷ್ಯನ ಚಿತ್ರವು ಕ್ಯಾನ್ಸರಿನಂಥ ದೀರ್ಘಕಾಲದ ಹಾನಿಯನ್ನು ಸೂಚಿಸುತ್ತದೆ.

ಆಸಿಡ್ ಕ್ಯಾನನ್ನು, ಶಿಲೀಂಧ್ರ ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣದ ಸುಣ್ಣದಿಂದ ದೂರ, ನೆಲಮಟ್ಟದಲ್ಲಿಟ್ಟು, ಆಸಿಡನ್ನೇ ನೀರಿಗೆ ಸೇರಿಸಬೇಕು, ನೀರನ್ನು ಆಸಿಡ್‌ಗೆ ಸುರಿಯಬಾರದೆಂದು ಗೋಡೆಯ ಮೇಲೆ ಕನ್ನಡದಲ್ಲಿ ಬರೆದೆವು. ಲೇಬಲ್ ಹರಿದ ಬಾಟಲಿಗಳನ್ನು, ಕೃಷಿಭವನದಲ್ಲಿ ವಿಚಾರಿಸುವವರೆಗೆ ಮುಚ್ಚಳ ತೆರೆಯದೆ ಬೀಗದೊಳಗಿಡಲು ಅವರು ಒಪ್ಪಿದರು.