ಅವ್ವನ ‘ಒನ್ಸ್ ಮೋರ್’

ನಿನ್ನೆ ರಾತ್ರಿ ಅವ್ವ, ಹೆಂಡತಿ, ಮಗಳೊಂದಿಗೆ ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ಬೀಡುಬಿಟ್ಟಿರುವ ಕಂಪನಿ ನಾಟಕ ನೋಡಿದೆ. ಹಗಲಿನ ಬಿಸಿಲ ಕಾವು ನೆಲದಿಂದ ಇನ್ನೂ ಆರಿರಲಿಲ್ಲ. ನಾಂದಿಗೀತೆ ಶುರುವಾದದ್ದೇ ತಡ, ಸೆಕೆ ಮರೆತೇಹೋಯಿತು. ಮಾಸ್ತರರು ಕಾಲಿನಿಂದ ತಿದಿ ತುಳಿಯುತ್ತ ಎರಡೂ ಕೈಗಳಿಂದ ಹಾರ್ಮೋನಿಯಂ ನುಡಿಸುವುದನ್ನು ಮಗಳು ಕಣ್ಣು ಮಿಟುಕಿಸದೆ ನೋಡಿದಳು. ಕನ್ನಡದ ಹೆಸರಾಂತ ವೃತ್ತಿ ನಾಟಕ ಮಂಡಳಿ ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಆ ಪರಂಪರೆಯ ಉಸಿರು ಈ ಡೇರೆಯಲ್ಲಿ ಇನ್ನೂ ಆಡುತ್ತಿದೆ. ನಾಯಕಿಯ ಹಾಡಿಗೆ ಜನ ‘ಒನ್ಸ್ ಮೋರ್’ ಎಂದಾಗ ಅವ್ವನೂ ಕೂಗಿದಳು! ಅಪ್ಪ ತೀರಿಕೊಂಡ ಮೇಲೆ ಅವಳ ದನಿ ಅಷ್ಟು ಏರಿದ್ದನ್ನು ನಾನು ಕೇಳಿರಲಿಲ್ಲ. ಹಾಸ್ಯದ ಭಾಗ ಸ್ವಲ್ಪ ಎಳೆದಂತಿತ್ತು, ಆದರೆ ಹಾಡುಗಳಿಗಾಗಿಯೇ ಹೋಗಬೇಕು. ಮನೆಯ ಹಿರಿಯರನ್ನು ತಪ್ಪದೆ ಕರೆದೊಯ್ಯಿರಿ, ಮುಂದಿನ ಸಾಲಿನಲ್ಲಿ ಕೂರಿಸಿ. ನಾವು ಭಾನುವಾರ ಮತ್ತೆ ಹೋಗುತ್ತಿದ್ದೇವೆ.